ಕೊನೆಕೊಯ್ಲಿನ ಕಾಲದಲ್ಲಿ ಭಾನುವಾರ

ಮಲೆನಾಡಿನ ಅಡಿಕೆ ಮನೆಗಳಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆಯ ಗೊನೆಗಳನ್ನು ಕೊಯ್ಯುವ ಕೆಲಸ, ಶುರುವಾಯಿತೆಂದರೆ ವಾರಗಳಿಗೆ ಹೆಸರು ಉಳಿಯುವುದಿಲ್ಲ. ಮಳೆ ಹಿಂದೆ ಸರಿಯುವ ಹೊತ್ತಿಗೆ ಆರಂಭವಾಗುವ ಈ ಕೆಲಸ ಸಂಕ್ರಾಂತಿಯ ಆಸುಪಾಸಿನವರೆಗೂ ನಡೆಯುತ್ತದೆ. ಬೆಳಿಗ್ಗೆ ಕೊನೆಗಾರರು ಮರವೇರಿ ಹಸಿ ಕೊನೆಗಳನ್ನು ಹಗ್ಗದಲ್ಲಿ ಇಳಿಸುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಅವು ಅಂಗಳ ಸೇರುತ್ತವೆ, ಸಂಜೆಯಿಂದ ಸುಲಿತ ಹಿಡಿಯುತ್ತದೆ. ಸುಲಿದ ಅಡಿಕೆಯನ್ನು ಬಹಳ ಹೊತ್ತು ಇಡುವಂತಿಲ್ಲ. ಚೊಗರು, ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ನೀರು, ಬೆರೆಸಿದ ಹಂಡೆಯಲ್ಲಿ ಅದೇ ರಾತ್ರಿ ಬೇಯಿಸಿ ಬಸಿಯದಿದ್ದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಮಂಡಿಯಲ್ಲಿ ದರ ಬೀಳುತ್ತದೆ. ಬೆಂದದ್ದನ್ನು ಮರುದಿನ ಬಿಸಿಲಿಗೆ ಹರಡಬೇಕು, ಮೋಡ ಕವಿದರೆ ಟಾರ್ಪಾಲು ಹಿಡಿದು ಓಡಬೇಕು. ಹೀಗೆ ಒಂದು ಕೆಲಸದ ಬಾಲಕ್ಕೆ ಇನ್ನೊಂದು ಕೆಲಸ ಕಟ್ಟಿಕೊಂಡಿರುವುದರಿಂದ ಎಲ್ಲಿ ನಿಲ್ಲಿಸಬಹುದು ಎಂಬ ಪ್ರಶ್ನೆ ಯಾರ ತಲೆಗೂ ಬರುವುದಿಲ್ಲ.

ನಮ್ಮದು ತೀರ್ಥಹಳ್ಳಿ ಸೀಮೆಯ ಕಥೊಲಿಕ ಕ್ರೈಸ್ತ ಕುಟುಂಬ. ಸ್ವಂತ ತೋಟ ಚಿಕ್ಕದು; ಅದರ ಜೊತೆಗೆ ಒಂದೆರಡು ತೋಟಗಳ ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುತ್ತೇವೆ. ಭಾನುವಾರದ ಬಲಿಪೂಜೆಯನ್ನು ನಮ್ಮ ಮನೆಯಲ್ಲಿ ಯಾರೂ ತಪ್ಪಿಸಿದವರಲ್ಲ. ಆದರೆ ಸುಗ್ಗಿಯ ದಿನಗಳಲ್ಲಿ ಅದು ಬೆಳಗಿನ ಮೊದಲ ಕೆಲಸವಾಗಿತ್ತು, ಅಷ್ಟೆ. ಪೂಜೆ ಮುಗಿದು ಬಂದವರು ಬಟ್ಟೆ ಬದಲಿಸಿ ತೋಟಕ್ಕೆ ಇಳಿಯುತ್ತಿದ್ದರು. ಹಸಿ ಅಡಿಕೆಯ ಕರೆ ಎಷ್ಟು ತೊಳೆದರೂ ಬಿಡುವುದಿಲ್ಲವಾದ್ದರಿಂದ ಆ ತಿಂಗಳುಗಳಲ್ಲಿ ಚರ್ಚಿನ ಸಾಲಿನಲ್ಲಿ ನಿಂತು ಪ್ರಸಾದಕ್ಕೆ ಕೈ ಚಾಚುವ ಹೆಂಗಸರ ಬೆರಳ ತುದಿಗಳೆಲ್ಲ ಕಪ್ಪು. ನನ್ನ ಅತ್ತೆಯವರ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ತಾಗಿದ ಹಳೆಯ ಗೆರೆಯೊಂದಿದೆ. ಕರೆ ಅದರೊಳಗೆ ಇಳಿದು ವರ್ಷವಿಡೀ ಅಲ್ಲಿಯೇ ಉಳಿಯುತ್ತದೆ.

ಭಾನುವಾರ ಕೆಲಸ ನಿಲ್ಲಿಸುವ ವಿಷಯ ಮೊದಲು ತಲೆಯೆತ್ತಿದ್ದು ಸುಗ್ಗಿಯಲ್ಲಲ್ಲ, ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ. ಶಿವಮೊಗ್ಗದ ಪವಿತ್ರ ಹೃದಯ ಪ್ರಧಾನಾಲಯಕ್ಕೆ ಧ್ಯಾನಕೂಟವೊಂದಕ್ಕೆ ಹೋಗಿದ್ದೆವು. ಚಿಕ್ಕಮಗಳೂರಿನಿಂದ ಬೇರೆಯಾಗಿ 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರ (ಬಿಷಪ್ಪರ ಆಡಳಿತ ಪ್ರದೇಶ) ಆದ ಮೇಲೆ ಇಂಥ ಕೂಟಗಳಿಗೆ ನಮ್ಮಂಥವರಿಗೆ ಘಟ್ಟದ ಹಾದಿ ತಪ್ಪಿತು ಎಂದು ಅತ್ತೆ ಈಗಲೂ ಹೇಳುವುದುಂಟು. ಅಂದು ಪ್ರಬೋಧನೆ ಕೊಟ್ಟ ಗುರುಗಳು ದಶಾಜ್ಞೆಗಳ ಬಗ್ಗೆ ಮಾತನಾಡುತ್ತ ಬೈಬಲಿನ ವಿಮೋಚನಾಕಾಂಡದ 34ನೆಯ ಅಧ್ಯಾಯದ 21ನೆಯ ವಚನವನ್ನು ಓದಿದರು. ಆರು ದಿನ ದುಡಿ, ಏಳನೆಯ ದಿನ ವಿಶ್ರಮಿಸಿಕೋ ಎಂಬ ಮಾತು ನಮಗೆಲ್ಲ ಬಾಯಿಪಾಠವೇ; ಆದರೆ ಈ ವಚನ ಅಲ್ಲಿಗೆ ನಿಲ್ಲುವುದಿಲ್ಲ. ಉಳುವ ಕಾಲದಲ್ಲಾಗಲಿ, ಕೊಯ್ಯುವ ಕಾಲದಲ್ಲಾಗಲಿ ವಿಶ್ರಮಿಸಲೇಬೇಕು ಎಂದು ಅದು ಮುಂದುವರಿಯುತ್ತದೆ. ನನ್ನ ಪಕ್ಕದಲ್ಲಿ ಕುಳಿತಿದ್ದ ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಯಾವ ರೈತನೂ ಹುಡುಕಿಕೊಳ್ಳಬಹುದಾದ ಸಂದಿಯನ್ನು ಆಜ್ಞೆ ಮೊದಲೇ ಮುಚ್ಚಿಬಿಟ್ಟಿತ್ತು.

ಮನೆಗೆ ಬಂದ ಮೇಲೆ ಚರ್ಚೆ ಹತ್ತಿತು. ನನ್ನ ಮೈದುನ ಓದಿಕೊಂಡವರು, ಚರಿತ್ರೆ ಅವರ ವಿಷಯ. ಕ್ರಿ.ಶ. 321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಭಾನುವಾರದ ರಜೆಯನ್ನು ಶಾಸನ ಮಾಡಿದಾಗ ಪಟ್ಟಣದ ಜನರಿಗೂ ನ್ಯಾಯಾಧೀಶರಿಗೂ ಕುಶಲಕರ್ಮಿಗಳಿಗೂ ಬಿಡುವು ಕೊಟ್ಟು, ಬಿತ್ತನೆಗೂ ದ್ರಾಕ್ಷಿ ನೆಡುವುದಕ್ಕೂ ಸರಿಯಾದ ಹದ ತಪ್ಪಿಹೋಗಬಾರದೆಂದು ರೈತರನ್ನು ಮಾತ್ರ ಅದರಿಂದ ಹೊರಗಿಟ್ಟಿದ್ದ. ರೋಮಿನ ದೊರೆಗೇ ಅರ್ಥವಾದದ್ದು ನಿಮಗೇಕೆ ಅರ್ಥವಾಗುವುದಿಲ್ಲ ಎಂಬುದು ಅವರ ವಾದ. ವಾದ ಬಲವಾಗಿಯೇ ಇತ್ತು. ಧರ್ಮಸಭೆಯೂ ಅನಿವಾರ್ಯ ಕೆಲಸಗಳಿಗೆ ಅಡ್ಡ ಬರುವುದಿಲ್ಲ. ತಕ್ಕ ಕಾರಣವಿದ್ದರೆ ವಿನಾಯಿತಿ ಕೊಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗೆ ಇದೆ. ನಮ್ಮ ಗುರುಗಳನ್ನು ಕೇಳಿದಾಗ ಅವರು ಮಾಡಿ ಎಂದೂ ಹೇಳಲಿಲ್ಲ, ಬಿಡಿ ಎಂದೂ ಹೇಳಲಿಲ್ಲ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ, ಆಮೇಲೆ ಬನ್ನಿ ಎಂದರು.

ಈ ಆಜ್ಞೆ, ನಮ್ಮ ಎಣಿಕೆಯಲ್ಲಿ ಮೂರನೆಯದು, ಹೆಚ್ಚಿನ ಪ್ರಾಟೆಸ್ಟೆಂಟ್ ಸಭೆಗಳ ಎಣಿಕೆಯಲ್ಲಿ ನಾಲ್ಕನೆಯದು, ಬೈಬಲಿನಲ್ಲಿ ಎರಡು ಕಡೆ ಪೂರ್ತಿಯಾಗಿ ಬರುತ್ತದೆ ಎಂಬುದನ್ನು ನಾನು ಅಷ್ಟು ದಿನ ಗಮನವಿಟ್ಟು ನೋಡಿರಲಿಲ್ಲ. ವಿಮೋಚನಾಕಾಂಡದ 20ನೆಯ ಅಧ್ಯಾಯದಲ್ಲಿ ವಿಶ್ರಾಂತಿಗೆ ಕೊಟ್ಟಿರುವ ಕಾರಣ ಸೃಷ್ಟಿ: ದೇವರು ಆರು ದಿನ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದರು, ಆದ್ದರಿಂದ ನೀನೂ ವಿಶ್ರಮಿಸು. ಧರ್ಮೋಪದೇಶಕಾಂಡದಲ್ಲಿ ಆಜ್ಞೆ ಅದೇ, ಕಾರಣ ಬೇರೆ. ಈಜಿಪ್ಟಿನಲ್ಲಿ ನೀನು ಗುಲಾಮನಾಗಿದ್ದೆ, ಸರ್ವೇಶ್ವರನು ನಿನ್ನನ್ನು ಅಲ್ಲಿಂದ ಬಿಡಿಸಿ ತಂದನು, ಅದನ್ನು ನೆನಪಿಟ್ಟುಕೋ, ಆ ಕಾರಣಕ್ಕೆ ಈ ದಿನವನ್ನು ಆಚರಿಸು. ಇಟ್ಟಿಗೆ ಕೊಯ್ಯುತ್ತಿದ್ದ ಗುಲಾಮರಿಗೆ ರಜೆ ಎಂಬುದು ಇರಲಿಲ್ಲ. ದೇವರ ಹೆಸರಿನಲ್ಲಿ ಬಿಡುವು ಕೇಳಿದ್ದಕ್ಕೆ ಈಜಿಪ್ಟಿನ ರಾಜ ಫರೋಹನು ಅವರನ್ನು ಸೋಮಾರಿಗಳೆಂದು ಬೈದು, ಹುಲ್ಲು ಕೊಡುವುದನ್ನೂ ನಿಲ್ಲಿಸಿ, ಇಟ್ಟಿಗೆಯ ಲೆಕ್ಕ ಮಾತ್ರ ಕಡಿಮೆಯಾಗಕೂಡದು ಎಂದಿದ್ದ. ಕೈಯಲ್ಲಿರುವ ಕೆಲಸವನ್ನು ಕೆಳಗಿಟ್ಟು ಎದ್ದು ಹೋಗುವುದು ಗುಲಾಮನಿಗೆ ಸಾಧ್ಯವಿಲ್ಲ, ಬಿಡುಗಡೆಯಾದವನಿಗೆ ಮಾತ್ರ ಸಾಧ್ಯ. ಆ ರಾತ್ರಿ ನಾನು ಮತ್ತು ನನ್ನ ಗಂಡ ಮಾತನಾಡಿಕೊಂಡದ್ದು ಇಷ್ಟೆ: ಡಿಸೆಂಬರ್ ತಿಂಗಳ ಒಂದು ಭಾನುವಾರ ನಾವು ಕತ್ತಿ ಕೆಳಗಿಡಲಾರೆವು ಎಂದಾದರೆ ನಮ್ಮನ್ನು ಆಳುತ್ತಿರುವವರು ಯಾರು? ಯಾರಿಗೆ ವಿಧೇಯರಾಗಿ ನಡೆಯುತ್ತೀರೋ ಅವರಿಗೇ ನೀವು ದಾಸರು ಎಂದು ಸಂತ ಪೌಲರು ರೋಮನರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿ ಹೇಳುತ್ತಾರೆ. ಯಾರಿಗೂ ವಿಧೇಯರಲ್ಲದ ಸ್ಥಿತಿ ಎಂಬುದೊಂದು ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ತೀರ್ಮಾನ ಮಾಡುವುದು ಸುಲಭವಾಗಿತ್ತು. ನಡೆಸುವ ದಾರಿ ಹುಡುಕುವುದು ಬೇರೆಯದೇ ಕೆಲಸ. ನಮಗೆ ದಾರಿ ತೋರಿಸಿದ್ದು ಮನ್ನದ, ಅಂದರೆ ದೇವರು ಆಕಾಶದಿಂದ ಸುರಿಸಿದ ಆಹಾರದ, ಕಥೆ. ಮರುಭೂಮಿಯಲ್ಲಿ ಇಸ್ರಯೇಲರು ದಿನದಿನದ ಮನ್ನವನ್ನು ಅಂದಂದೇ ಕೂಡಿಸಿಕೊಳ್ಳಬೇಕಿತ್ತು, ಮರುದಿನಕ್ಕೆ ಇಟ್ಟರೆ ಹುಳು ಬೀಳುತ್ತಿತ್ತು. ಆರನೆಯ ದಿನ ಮಾತ್ರ ಎರಡು ಪಾಲು ಸಿಗುತ್ತಿತ್ತು, ಅದು ಕೆಡುತ್ತಲೂ ಇರಲಿಲ್ಲ. ಅಂದರೆ ಬಿಡುವಿನ ದಿನದ ಸಿದ್ಧತೆ ಅದರ ಹಿಂದಿನ ದಿನವೇ ಆಗಬೇಕು. ನಮ್ಮ ಲೆಕ್ಕದಲ್ಲಿ ಅದು ಶನಿವಾರವೂ ಅಲ್ಲ, ಗುರುವಾರ. ಶುಕ್ರವಾರ ಸಂಜೆಯ ಮೇಲೆ ಕೊನೆ ಇಳಿಸಬಾರದು. ಶನಿವಾರ ಹಗಲಿನಲ್ಲಿ ಉಳಿದದ್ದನ್ನೆಲ್ಲ ಸುಲಿದು ಸಂಜೆಯೊಳಗೆ ಹಂಡೆ ಇಳಿಸಬೇಕು. ಹಾಗಾಗಬೇಕಾದರೆ ಗುರುವಾರವೇ ಕೊನೆಗಾರರ ತಂಡದೊಂದಿಗೆ ಎಷ್ಟು ಮರ, ತೋಟದ ಯಾವ ಭಾಗ ಎಂದು ಮಾತಾಗಿರಬೇಕು. ಶನಿವಾರ ಹರಡಿದ ಅಡಿಕೆ ಭಾನುವಾರ ತಾನಾಗಿಯೇ ಒಣಗುತ್ತದೆ, ಬಿಸಿಲಿಗೆ ನಮ್ಮ ಸಹಾಯ ಬೇಡ. ಕೊನೆಯಲ್ಲಿರುವ ಹಸಿ ಅಡಿಕೆ ನೆರಳಿನಲ್ಲಿ ಒಂದೆರಡು ದಿನ ತಡೆಯುತ್ತದೆ, ಸುಲಿದದ್ದು ತಡೆಯುವುದಿಲ್ಲ ಎಂಬ, ಎಲ್ಲರಿಗೂ ಗೊತ್ತಿದ್ದ ಸಂಗತಿಯನ್ನೇ ನಾವು ಹೊಸದಾಗಿ ಕಂಡುಹಿಡಿದವರಂತೆ ಬಳಸಿಕೊಂಡೆವು.

ಕೂಲಿಯ ಪ್ರಶ್ನೆ ಇದಕ್ಕಿಂತ ತೊಡಕಿನದು. ನಮಗೆ ವಿಶ್ರಾಂತಿ, ಅವರಿಗೆ ಒಂದು ದಿನದ ಕೂಲಿ ಖೋತಾ ಎಂದಾದರೆ ಅದು ಆಜ್ಞಾಪಾಲನೆಯಲ್ಲ. ಧರ್ಮೋಪದೇಶಕಾಂಡ ಆ ವಿಷಯದಲ್ಲಿ ಖಂಡಿತವಾಗಿದೆ: ನಿನ್ನ ದಾಸನೂ ದಾಸಿಯೂ ನಿನ್ನಂತೆಯೇ ವಿಶ್ರಮಿಸಬೇಕು. ಎತ್ತು, ಕತ್ತೆ, ಊರಲ್ಲಿರುವ ಪರದೇಶಿ, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಸುಲಿಯುವ ಹೆಂಗಸರಿಗೆ ಕೂಲಿ ತೂಕದ ಮೇಲೆ. ಒಟ್ಟು ಅಡಿಕೆ ಅಷ್ಟೇ ಇರುವುದರಿಂದ ವಾರದ ಗಳಿಕೆ ಹೆಚ್ಚು ಕಡಿಮೆಯಾಗಲಿಲ್ಲ. ಮನೆಯಲ್ಲಿಯೇ ಇರುವ ಆಳುಗಳಿಗೆ ಭಾನುವಾರದ ಸಂಬಳವನ್ನು ಹಿಡಿಯದೆ ಕೊಟ್ಟೆವು. ಕೊನೆಗಾರರ ತಂಡಕ್ಕೆ ನಾವೇನೂ ಮಾಡಲಾಗಲಿಲ್ಲ; ಅವರು ಭಾನುವಾರ ಬೇರೆ ತೋಟಕ್ಕೆ ಹೋದರು, ಈಗಲೂ ಹೋಗುತ್ತಾರೆ. ಮರ ಹತ್ತುವವರು ಸಿಗುವುದೇ ದುರ್ಲಭವಾಗಿರುವ ಕಾಲದಲ್ಲಿ ಅವರು ಸೋಮವಾರ ಮರಳಿ ಬಂದರೆ ಸಾಕು ಎಂದು ನಾವು ಕಾಯುವಂತಾಯಿತು. ಇದಕ್ಕೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ.

ಅಕ್ಕಪಕ್ಕದವರು ನಗಬಹುದು ಎಂದುಕೊಂಡಿದ್ದೆ. ಸುಲಿಯಲು ಬರುವ ದೀವರ ಹೆಂಗಸೊಬ್ಬರು ವಿಷಯ ಕೇಳಿ, ಭೂಮಿ ಹುಣ್ಣಿಮೆಯ ದಿನ ನಾವು ಗುದ್ದಲಿ ಮುಟ್ಟುತ್ತೇವೆಯೇ, ಭೂಮ್ತಾಯಿ ಬಸುರಿ ಎಂದು ಸುಮ್ಮನಿರುವುದಿಲ್ಲವೇ, ನಿಮ್ಮದು ವಾರಕ್ಕೊಮ್ಮೆ ಬರುತ್ತದೆ, ಅಷ್ಟೆ ಎಂದರು. ನಮ್ಮ ನೆಂಟರಿಷ್ಟರಿಗೆ ಅರ್ಥ ಮಾಡಿಸಲು ಹೆಣಗಬೇಕಾಗಿದ್ದ ಮಾತು ಅವರಿಗೆ ವಿವರಣೆಯಿಲ್ಲದೆಯೇ ಸ್ಪಷ್ಟವಾಗಿತ್ತು. ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ನಮ್ಮ ಭಾನುವಾರದ ಬೇರು ಕ್ರಿಸ್ತರ ಪುನರುತ್ಥಾನದಲ್ಲಿದೆ. ಯೆಹೂದ್ಯರ ಸಬ್ಬತ್ ಶನಿವಾರ, ನಾವು ವಾರದ ಮೊದಲ ದಿನವನ್ನು ಪ್ರಭುವಿನ ದಿನವೆಂದು ಆಚರಿಸುತ್ತೇವೆ. ಆದರೂ ನೆಲದ ಮೇಲೆ ದುಡಿಯುವವರಿಗೆ ದುಡಿಮೆಯನ್ನು ನಿಲ್ಲಿಸುವುದರ ಗೌರವ ಗೊತ್ತಿದೆ ಎಂಬುದನ್ನು ಆಕೆಯ ಮಾತಿನಿಂದ ತಿಳಿದೆ.

ಮೊದಲ ಭಾನುವಾರ ವಿಚಿತ್ರವಾಗಿತ್ತು. ಪೂಜೆ ಮುಗಿಸಿ ಬಂದು, ಊಟ ಮಾಡಿ, ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಜಗುಲಿಯಲ್ಲಿ ಕುಳಿತಿದ್ದೆವು. ಅಂಗಳದ ಅಡಿಕೆ ಎದುರಿಗೇ ಇದೆ. ನನ್ನ ಗಂಡ ಎರಡು ಸಲ ಎದ್ದು ಹೋಗಿ ಕೈಯಾಡಿಸಿ ಬಂದರು. ಮೂರನೆಯ ಸಲ ಎದ್ದಾಗ ಮಗ ನಕ್ಕ. ಅತ್ತೆ ಮಡಿಲಲ್ಲಿ ಕೈಗಳನ್ನು ಇಟ್ಟುಕೊಂಡು, ಅವನ್ನು ಮೇಲೆ ಕೆಳಗೆ ತಿರುಗಿಸಿ ನೋಡುತ್ತಿದ್ದರು. ಸುಗ್ಗಿಯಲ್ಲಿ ಹಗಲು ಹೊತ್ತು ಖಾಲಿ ಕೈಯಲ್ಲಿ ಕುಳಿತದ್ದು ಅವರಿಗೆ ನೆನಪಿರಲಿಲ್ಲ. ಸಂತೋಷವೇನೂ ಆಗಲಿಲ್ಲ, ನಿಜ ಹೇಳಬೇಕೆಂದರೆ ಒಂದು ಬಗೆಯ ಭಯವಾಯಿತು: ನಾವು ನಿಂತರೆ ಮನೆಯೇ ನಿಂತುಬಿಡುತ್ತದೆ ಎಂಬ ಭಯ. ವಿಧೇಯತೆಯಿಂದ ಬಿಡುಗಡೆ ಸಿಗುತ್ತದೆ ಎಂದು ಕೇಳಿದವರು ಆ ಬಿಡುಗಡೆ ಕೂಡಲೇ ಹಿತವಾಗಿರುತ್ತದೆ ಎಂದು ತಿಳಿಯಬಾರದು. ಈಜಿಪ್ಟನ್ನು ಬಿಟ್ಟು ಬಂದವರು ಮರುಭೂಮಿಯಲ್ಲಿ ಅಲ್ಲಿನ ಮೀನು, ಸೌತೆಕಾಯಿ, ಈರುಳ್ಳಿಗಳನ್ನು ನೆನೆದು ಅತ್ತರೆಂದು ಬೈಬಲ್ಲೇ ಹೇಳುತ್ತದೆ.

ಎರಡನೆಯ ಸಂಗತಿ ಅಡುಗೆಮನೆಯದು. ಕ್ರೈಸ್ತ ಮನೆಗಳಲ್ಲಿ ಭಾನುವಾರದ ಊಟವೆಂದರೆ ಕೋಳಿ ಸಾರು, ಕಡುಬು, ಬಂದವರಿಗೆಲ್ಲ ಎಲೆ. ತೋಟದ ಕೆಲಸ ನಿಂತು ಗಂಡಸರೆಲ್ಲ ಮನೆಯಲ್ಲಿ ಉಳಿದದ್ದೇ ತಡ, ಕಾಫಿಯ ಲೋಟಗಳೇ ಇಮ್ಮಡಿಯಾದವು. ಆಜ್ಞೆಯ ಪಟ್ಟಿಯನ್ನು ನಾನು ಮತ್ತೆ ತೆಗೆದು ಓದಿದೆ. ನೀನು, ನಿನ್ನ ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಪರದೇಶಿ; ಹೆಂಡತಿಯ ಹೆಸರಿಲ್ಲ. ಇದನ್ನು ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ‘ನೀನು’ ಎಂಬುದರಲ್ಲಿ ಗಂಡ ಹೆಂಡತಿ ಇಬ್ಬರೂ ಸೇರಿದ್ದಾರೆ ಎಂದು ಗುರುಗಳು ಆಮೇಲೆ ವಿವರಿಸಿದರು, ನಾನೂ ಒಪ್ಪುತ್ತೇನೆ. ಆದರೆ ಅಂದು ನಮ್ಮ ಮನೆಯಲ್ಲಿ ಕೆಲಸ ಮಾಡಿದ್ದು ಆ ವಿವರಣೆಯಲ್ಲ, ಪಟ್ಟಿ. ಈಗ ಸಾರು ಶನಿವಾರ ರಾತ್ರಿಯೇ ಆಗುತ್ತದೆ, ಮರುದಿನಕ್ಕೆ ಅದರ ರುಚಿಯೂ ಹೆಚ್ಚು. ಭಾನುವಾರದ ಪಾತ್ರೆಗಳು ಗಂಡಸರ ಪಾಲು. ಪಾತ್ರೆ ತೊಳೆಯುವುದು ಸಬ್ಬತ್ತಿನ ಉಲ್ಲಂಘನೆಯಾಗುವುದಿಲ್ಲವೇ ಎಂದು ನನ್ನ ಗಂಡ ಒಮ್ಮೆ ಕೇಳಿದರು. ಅತ್ತೆ ಅದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗಲಿಲ್ಲ.

ಪರೀಕ್ಷೆ ಬಂದದ್ದು ನವೆಂಬರಿನಲ್ಲಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲಿ ಮೋಡ ಕವಿಯುವುದು ಹೊಸತಲ್ಲ. ಭಾನುವಾರ ಮಧ್ಯಾಹ್ನ ಮಳೆ ಹನಿಯಲು ತೊಡಗಿದಾಗ ಅಂಗಳದ ತುಂಬ ಬೆಂದ ಅಡಿಕೆಯಿತ್ತು. ಎಲ್ಲರೂ ಒಂದು ಕ್ಷಣ ಒಬ್ಬರ ಮುಖ ಒಬ್ಬರು ನೋಡಿದೆವು. ಅತ್ತೆ ಮೊದಲು ಎದ್ದರು. ಸಬ್ಬತ್ ದಿನ ಬಾವಿಗೆ ಬಿದ್ದ ಎತ್ತನ್ನು ಮೇಲೆತ್ತದೆ ಬಿಡುವವರು ಯಾರು ಎಂದು ಪ್ರಭು ಕೇಳಿದ್ದು ಲೂಕನ ಶುಭಸಂದೇಶದ 14ನೆಯ ಅಧ್ಯಾಯದಲ್ಲಿದೆ. ಟಾರ್ಪಾಲಿನ ತುದಿ ಹಿಡಿದುಕೊಂಡೇ ಅವರು ಅದನ್ನು ಹೇಳಿದರು. ಸಬ್ಬತ್ ಮನುಷ್ಯನಿಗಾಗಿ, ಮನುಷ್ಯ ಸಬ್ಬತ್ತಿಗಾಗಿ ಅಲ್ಲ ಎಂಬ ಮಾರ್ಕನ ಶುಭಸಂದೇಶದ ಮಾತು ನನಗೆ ಗೊತ್ತಿತ್ತು. ಕೆಲಸ ಮಾಡಲು ಒಪ್ಪಿಗೆ ಬೇಕಾದವರು ಆ ಮಾತನ್ನು ಬಳಸುವುದನ್ನು ಕೇಳಿದ್ದೆ. ಅಡಿಕೆ ಮುಚ್ಚಿ ಒಳಗೆ ಬಂದ ಮೇಲೆ ಯಾರೂ, ಹೇಗೂ ಎದ್ದಿದ್ದೇವೆ, ಉಳಿದ ಕೊನೆಗಳನ್ನೂ ಸುಲಿದುಬಿಡೋಣ ಎನ್ನಲಿಲ್ಲ. ಆ ಮಾತಿನ ಸರಿಯಾದ ತೂಕ ನನಗೆ ಸಿಕ್ಕಿದ್ದು ಅಲ್ಲಿ.

ನಷ್ಟವೂ ಆಗಿದೆ. ಒಂದು ಶನಿವಾರ ಕರೆಂಟು ಹೋಗಿ ಸುಲಿಯುವ ಯಂತ್ರ ನಿಂತಿತು, ರಾತ್ರಿ ಬಹಳ ಹೊತ್ತು ಮೆಟ್ಟುಗತ್ತಿಯಲ್ಲಿ ಸುಲಿದರೂ ಮುಗಿಯಲಿಲ್ಲ. ಉಳಿದ ಕೊನೆಗಳನ್ನು ಕೊಟ್ಟಿಗೆಯ ಪಕ್ಕ ರಾಶಿ ಹಾಕಿ ಸೋಮವಾರ ಬೇಯಿಸಿದೆವು. ರಾಶಿಯ ಅಡಿಯಲ್ಲಿದ್ದದ್ದು ಕಾವು ಹೆಚ್ಚಾಗಿ ಬಣ್ಣ ಇಳಿಸಿಕೊಂಡಿತ್ತು, ಆ ಚೀಲಗಳಿಗೆ ‘ರಾಶಿ ಇಡಿ’ ಎಂಬ ದರ್ಜೆಯ ಪೂರ್ತಿ ದರ ಸಿಗಲಿಲ್ಲ. ಆಜ್ಞೆ ಪಾಲಿಸಿದವರ ಫಸಲು ಇಮ್ಮಡಿಯಾಗುತ್ತದೆ ಎಂದು ಸಾಕ್ಷಿ ಹೇಳುವವರನ್ನು ಕೂಟಗಳಲ್ಲಿ ಕೇಳಿದ್ದೇನೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಅಂಥದ್ದೇನೂ ಇಲ್ಲ. ಇಂಥ ಸಾಕ್ಷಿಗಳು ನನಗೆ ಹಿಡಿಸುವುದೂ ಇಲ್ಲ. ದರಕ್ಕಾಗಿ ದೇವರಿಗೆ ವಿಧೇಯರಾದರೆ ಮತ್ತೆ ದರವೇ ನಮ್ಮನ್ನು ಆಳಿದಂತಾಯಿತು.

ಹಾಗಾದರೆ ಸಿಕ್ಕಿದ್ದೇನು ಎಂದು ಕೇಳುವವರಿಗೆ ಇದ್ದದ್ದನ್ನು ಹೇಳುತ್ತೇನೆ. ನನ್ನ ಗಂಡ ಶನಿವಾರ ರಾತ್ರಿ ಫೋನನ್ನು ಕಪಾಟಿನಲ್ಲಿಡುತ್ತಾರೆ. ಭಾನುವಾರ ಮಾರುಕಟ್ಟೆಗೆ ಹೇಗೂ ರಜೆ. ಆದರೂ ದರ ಏರುತ್ತದಂತೆ, ಇಳಿಯುತ್ತದಂತೆ, ಹೊರದೇಶದ ಅಡಿಕೆ ಬಂತಂತೆ ಎಂಬ ವಾಟ್ಸ್‌ಆ್ಯಪ್ ಸಂದೇಶಗಳಿಗೆ ರಜೆಯಿರುವುದಿಲ್ಲ. ಅವುಗಳ ಕಾಟ ತಪ್ಪಿದ ಮೊದಲ ವಾರಗಳಲ್ಲಿ ಅವರು ಮಧ್ಯಾಹ್ನವಿಡೀ ನಿದ್ದೆ ಮಾಡಿದರು. ಆಮೇಲೆ ಮಾತನಾಡತೊಡಗಿದರು. ಸುಗ್ಗಿಯಲ್ಲಿ ನಾವು ಆಡುತ್ತಿದ್ದ ಮಾತೆಲ್ಲ ಚೀಲ, ಸೌದೆ, ಆಳು, ಬಿಸಿಲುಗಳ ಸುತ್ತಲೇ ಇತ್ತು ಎಂಬುದು ಬೇರೆ ಮಾತು ಶುರುವಾದ ಮೇಲೆ ತಿಳಿಯಿತು. ಹಾಸಿಗೆ ಹಿಡಿದಿದ್ದ ಸೋದರಮಾವನನ್ನು ಸುಗ್ಗಿ ಮುಗಿದ ಮೇಲೆ ನೋಡೋಣ ಎಂದು ಮುಂದೂಡುವುದು ತಪ್ಪಿತು. ಡಿಸೆಂಬರಿನಲ್ಲೇ ಹೋಗಿ ಅವರ ಬಳಿ ಕುಳಿತು ಬಂದೆವು, ಜನವರಿಯಲ್ಲಿ ಅವರು ಇರಲಿಲ್ಲ. ಕೆಲವು ಭಾನುವಾರ ಮಗನೊಂದಿಗೆ ತುಂಗೆಯ ದಡಕ್ಕೆ ಹೋಗುತ್ತೇನೆ. ಕೀರ್ತನೆ 119 ಇಡೀ ದೇವರ ಆಜ್ಞೆಗಳನ್ನೇ ಕುರಿತದ್ದು, 176 ವಚನಗಳು, ಚಿಕ್ಕಂದಿನಲ್ಲಿ ಅದನ್ನು ಓದುವುದೆಂದರೆ ನನಗೆ ಶಿಕ್ಷೆ. ಅದರ 45ನೆಯ ವಚನದಲ್ಲಿ ಕೀರ್ತನೆಗಾರನು ನಿನ್ನ ನಿಯಮಗಳನ್ನು ಅರಸಿದ್ದರಿಂದಲೇ ವಿಶಾಲವಾದ ಜಾಗದಲ್ಲಿ ನಡೆದಾಡುತ್ತೇನೆ ಎನ್ನುತ್ತಾನೆ. ಕಟ್ಟಳೆಯ ಜೊತೆಗೆ ವೈಶಾಲ್ಯ ಹೇಗೆ ಬಂತು ಎಂದು ಮೊದಲು ನನಗೆ ಹೊಳೆಯುತ್ತಿರಲಿಲ್ಲ. ಈಗ ಆ ವಚನಕ್ಕೆ ವ್ಯಾಖ್ಯಾನ ಬೇಕೆನಿಸುವುದಿಲ್ಲ.

ಪೂಜೆಯೂ ಬದಲಾಗಿದೆ. ಮುಂಚೆ ಪ್ರಬೋಧನೆ ಹತ್ತು ನಿಮಿಷ ಉದ್ದವಾದರೆ ನಾನು ಗಡಿಯಾರ ನೋಡುತ್ತಿದ್ದೆ, ಏಕೆಂದರೆ ಅದರ ಆಚೆಗೆ ಹಂಡೆ ಕಾಯುತ್ತಿತ್ತು. ಈಗ ಅದರ ಆಚೆಗೆ ಏನೂ ಕಾಯುತ್ತಿರುವುದಿಲ್ಲ. ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಿಂತು ಮಾತನಾಡುವಾಗ ಎಷ್ಟೋ ಕುಟುಂಬಗಳ ಸುದ್ದಿ ತಿಳಿಯುತ್ತದೆ. ಒಂದೇ ಸಾಲಿನಲ್ಲಿ ವರ್ಷಗಟ್ಟಲೆ ಮೊಣಕಾಲೂರಿದ ಮಹಿಳೆಯೊಬ್ಬರ ಮನೆಯಲ್ಲಿ ಡಯಾಲಿಸಿಸ್ ನಡೆಯುತ್ತಿರುವವರಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಹೀಗೆ.

ಈ ವರ್ಷ ಚೇಣಿಯ ಮಾತುಕತೆ ಆಡುವಾಗ, ತೋಟದ ಯಜಮಾನರಿಗೆ ಭಾನುವಾರ ನಮ್ಮ ಕಡೆಯಿಂದ ಕೊಯ್ಲು ಇರುವುದಿಲ್ಲ ಎಂದು ಮೊದಲೇ ಹೇಳಿದೆವು. ಒಬ್ಬರು ಹಾಗಾದರೆ ಬೇರೆಯವರಿಗೆ ಕೊಡುತ್ತೇನೆ ಎಂದು ಕೊಟ್ಟರು. ಇನ್ನೊಬ್ಬರು ತುಸು ಯೋಚಿಸಿ, ಕೊನೆ ಕೆಡದಂತೆ ನೋಡಿಕೊಂಡರೆ ಆಯಿತು ಎಂದರು. ಮೈದುನ ಇನ್ನೂ ಕಾನ್‌ಸ್ಟಂಟೈನನ ಪಕ್ಷದಲ್ಲಿಯೇ ಇದ್ದಾರೆ. ಆದರೆ ಭಾನುವಾರ ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಗೇ ಬರುತ್ತಾರೆ, ಉಂಡ ಮೇಲೆ ಪಾತ್ರೆಯನ್ನೂ ತೊಳೆಯುತ್ತಾರೆ.